ಪ್ಯಾಡ್ ಹಿಡಿಸುವ ಅಂಟು: ಅರಗೋ, ಬಿಸಿ ಅಂಟೋ?

ಪ್ರಶ್ನೆ: ನಾನು ಪುತ್ತೂರು ಕಡೆಯ ಸ್ಯಾಕ್ಸೊಫೋನ್ ವಾದಕ. ಕಳೆದ ತಿಂಗಳು ಮದುವೆಯ ದಿಬ್ಬಣದ ನಡುವೆಯೇ ನನ್ನ ಆಲ್ಟೊ ಸ್ಯಾಕ್ಸೊಫೋನಿನ ಜಿ-ಶಾರ್ಪ್ ಕೀಯ ಪ್ಯಾಡ್ (ಕೀಯ ತುದಿಯ ಬಟ್ಟಲಿನಲ್ಲಿ ಕೂತು ರಂಧ್ರ ಮುಚ್ಚುವ ಚರ್ಮದ ಬಿಲ್ಲೆ) ಉದುರಿಬಿತ್ತು. ಹೊಸ ಪ್ಯಾಡ್ ತರಿಸಿ, ಮನೆಯಲ್ಲಿದ್ದ, ತಕ್ಷಣ ಹಿಡಿಯುವ ಅಂಟಿನಿಂದ ಕೂರಿಸಿದೆ. ಪ್ಯಾಡ್ ಕಲ್ಲಿನಂತೆ ಗಟ್ಟಿಯಾಗಿದೆ. ಜಿ ಮತ್ತು ಜಿ-ಶಾರ್ಪ್ ಎರಡೂ ಚೆನ್ನಾಗಿ ಬರುತ್ತವೆ. ಆದರೆ ಎಫ್‌ನಿಂದ ಕೆಳಗಿನ ಸ್ವರಗಳು ನಡುಗುತ್ತವೆ, ಕೆಳಗಿನ ಸಿ ಬರುವುದೇ ಇಲ್ಲ. ಅಂಟು ತಪ್ಪಾಯಿತೇ? ಯಾವುದನ್ನು ಬಳಸಬೇಕಿತ್ತು? ಮಗಳ ಪ್ಲಾಸ್ಟಿಕ್ ಕ್ಲಾರಿನೆಟ್‌ಗೂ ಅದೇ ಅಂಟು ಆಗುತ್ತದೆಯೇ?

ಉತ್ತರ: ಅಂಟು ತಪ್ಪಾಗಿರುವುದು ನಿಜ. ಆದರೆ ಕೆಳಗಿನ ಸ್ವರಗಳು ಕೆಟ್ಟಿರುವುದು ಅಂಟು ಹಿಡಿಯದ್ದರಿಂದಲ್ಲ. ಅದು ಹಿಡಿದಿದೆ, ಹಿಡಿಯಬಾರದ ಎತ್ತರದಲ್ಲಿ ಹಿಡಿದಿದೆ, ಈಗ ಅದನ್ನು ಒಂದು ಕೂದಲೆಳೆಯಷ್ಟು ಕೆಳಗಿಳಿಸೋಣವೆಂದರೆ ಬಿಡುತ್ತಿಲ್ಲ. ಪ್ಯಾಡ್ ಅಂಟಿನ ವಿಷಯದಲ್ಲಿ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ "ಯಾವುದು ಗಟ್ಟಿ" ಎಂಬುದು. ರಿಪೇರಿ ಮೇಜಿನ ಮುಂದೆ ಕೂತವನು ಕೇಳಬೇಕಾದದ್ದು "ಯಾವುದು ಬೇಕೆಂದಾಗ ಮೆತ್ತಗಾಗುತ್ತದೆ" ಎಂಬುದು.

ಸ್ಯಾಕ್ಸೊಫೋನಿನ ಪ್ಯಾಡನ್ನು ಎಳೆದು ಕೀಳುವ ಬಲ ವಾದ್ಯದಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಮೊದಲು ಗಮನಿಸಿ. ಕೀ ಮುಚ್ಚಿದಾಗ ಪ್ಯಾಡ್ ಬಟ್ಟಲಿನೊಳಕ್ಕೇ ಒತ್ತಲ್ಪಡುತ್ತದೆ. ತೆರೆದಾಗ ಅದರ ಮೇಲೆ ಇರುವುದು ತನ್ನದೇ ಕೆಲವು ಗ್ರಾಂ ತೂಕ, ಮತ್ತು ಚರ್ಮ ತೇವದಿಂದ ರಂಧ್ರದ ಅಂಚಿಗೆ ಅಂಟಿಕೊಂಡಿದ್ದರೆ ಆ ಸಣ್ಣ ಜಗ್ಗು, ಅಷ್ಟೆ. ಹಾಗಾಗಿ ಇಲ್ಲಿ ಅಂಟಿನ ಕೆಲಸ ಮೊಳೆಯ ಕೆಲಸವಲ್ಲ, ಹಾಸಿಗೆಯ ಕೆಲಸ. ಬಟ್ಟಲಿನ ತಳ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ಪ್ಯಾಡಿನ ಬೆನ್ನಿನ ರಟ್ಟೂ ಹಾಗೆಯೇ, ರಂಧ್ರದ ಅಂಚಂತೂ ನಾಲ್ಕಾರು ವರ್ಷ ಬಳಸಿದ ವಾದ್ಯದಲ್ಲಿ ಎಲ್ಲಾದರೂ ತಗ್ಗಿರುತ್ತದೆ. ಈ ಮೂರೂ ಒರಟುಗಳ ನಡುವೆ ಪ್ಯಾಡ್ ಒಂದೇ ಮಟ್ಟದಲ್ಲಿ ತೇಲುತ್ತಾ ಬಂದು ರಂಧ್ರದ ಸುತ್ತಲೂ ಏಕಕಾಲಕ್ಕೆ ತಾಗಬೇಕಾದರೆ, ಅದರ ಬೆನ್ನ ಹಿಂದೆ ಸ್ವಲ್ಪ ಹೊತ್ತು ದ್ರವವಾಗಿದ್ದು ಆಮೇಲೆ ಆ ಆಕಾರದಲ್ಲಿಯೇ ಗಟ್ಟಿಯಾಗುವ ಪದಾರ್ಥ ಬೇಕು. ಮಟ್ಟ ಮೊದಲ ಸಲಕ್ಕೇ ಸರಿಯಾಗುವುದು ಅಪರೂಪ. ಮತ್ತೆ ಬಿಸಿ ಮಾಡಿ, ಒಂದು ಬದಿಯನ್ನು ತೆಳು ಉಕ್ಕಿನ ಪಟ್ಟಿಯಿಂದ ಎತ್ತಿ, ಮತ್ತೆ ಆರಿಸಬೇಕಾಗುತ್ತದೆ, ಕೆಲವೊಮ್ಮೆ ನಾಲ್ಕೈದು ಸಲ. ತಕ್ಷಣ ಹಿಡಿಯುವ ಅಂಟಿನಲ್ಲಿ ಎರಡನೆಯ ಅವಕಾಶವೇ ಇಲ್ಲ.

ಈಗ ನಿಮ್ಮ ವಾದ್ಯಕ್ಕೆ ಬರೋಣ, ಏಕೆಂದರೆ ನೀವು ವಿವರಿಸಿದ ಲಕ್ಷಣ ಬಹಳ ಸ್ಪಷ್ಟವಾಗಿದೆ. ಜಿ ಚೆನ್ನಾಗಿ ಬರುತ್ತದೆ ಎಂದರೆ ಜಿ-ಶಾರ್ಪ್ ಪ್ಯಾಡ್ ಸ್ವತಃ ಅಷ್ಟಾಗಿ ಸೋರುತ್ತಿಲ್ಲ. ಅದು ಸೋರಿದ್ದರೆ ಜಿ ಕೂಡ ಕೆಡುತ್ತಿತ್ತು. ಎಫ್‌ನಿಂದ ಕೆಳಗೆ ಮಾತ್ರ ತೊಂದರೆ ಎಂದರೆ ಬಲಗೈ ಸಾಲಿನ ಎಲ್ಲಕ್ಕಿಂತ ಮೇಲಿರುವ, ಬೆರಳಿಡುವ ಗುಂಡಿಯಿಲ್ಲದ ಬಟ್ಟಲನ್ನು ನೋಡಿ. ಬಲಗೈಯ ಯಾವ ಬೆರಳು ಒತ್ತಿದರೂ ಆ ಬಟ್ಟಲು ಮುಚ್ಚಿಕೊಳ್ಳುತ್ತದೆ. ಅದರಿಂದ ಒಂದು ಸಣ್ಣ ತೋಳು ಮೇಲಕ್ಕೆ ಚಾಚಿ, ಜಿ-ಶಾರ್ಪ್ ಬಟ್ಟಲಿನ ಬೆನ್ನ ಮೇಲೆ ನಿಂತಿರುತ್ತದೆ. ಹೆಚ್ಚಿನ ವಾದ್ಯಗಳಲ್ಲಿ ಆ ತೋಳಿಗೆ ಒಂದು ಪುಟ್ಟ ಹೊಂದಿಕೆಯ ಸ್ಕ್ರೂ ಇರುತ್ತದೆ, ಅದರ ಕೆಳಗೆ ಕಾರ್ಕಿನ ಚೂರು. ನೀವು ಹಾಕಿದ ಪ್ಯಾಡ್ ಹಳೆಯದಕ್ಕಿಂತ ದಪ್ಪಗಿದ್ದಿರಬೇಕು, ಇಲ್ಲವೇ ಅಂಟು ಒಂದು ಕಡೆ ಗುಡ್ಡೆಯಾಗಿರಬೇಕು. ಜಿ-ಶಾರ್ಪ್ ಬಟ್ಟಲು ಮುಚ್ಚಿದ ಸ್ಥಿತಿಯಲ್ಲಿಯೂ ಮೊದಲಿಗಿಂತ ಎತ್ತರದಲ್ಲಿ ನಿಂತಿದೆ. ಎಫ್ ಒತ್ತಿದಾಗ ಆ ತೋಳು ಬೇಗನೆ ಬಂದು ಅದಕ್ಕೆ ಬಡಿಯುತ್ತದೆ, ಬಲಗೈ ಸಾಲಿನ ಆ ಬಟ್ಟಲು ಪೂರ್ತಿ ಮುಚ್ಚುವುದಕ್ಕೆ ಮೊದಲೇ ತಡೆದು ನಿಲ್ಲಿಸುತ್ತದೆ. ಸೋರುತ್ತಿರುವುದು ನೀವು ಮುಟ್ಟದೇ ಇದ್ದ ಪ್ಯಾಡ್!

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಕತ್ತಲ ಕೋಣೆಯಲ್ಲಿ ವಾದ್ಯದ ಕೊಳವೆಯೊಳಗೆ ಸಣ್ಣ ಎಲ್‌ಇಡಿ ಪಟ್ಟಿಯನ್ನು ಇಳಿಬಿಡಿ, ಬಲಗೈ ತೋರುಬೆರಳಿನ ಕೀಯನ್ನು ಮೆಲ್ಲಗೆ, ನುಡಿಸುವಾಗಿನಷ್ಟೇ ಒತ್ತಿ, ಆ ಮೇಲಿನ ಬಟ್ಟಲಿನ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆಯೇ ನೋಡಿ. ಕಂಡರೆ, ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಎಫ್ ಕೂಡಲೇ ತಿಳಿಯಾದರೆ ರೋಗ ಸಿಕ್ಕಿತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಸ್ಕ್ರೂವನ್ನು ಹೆಚ್ಚು ಸಡಿಲಿಸಿದರೆ, ಎಡಗೈ ಕಿರುಬೆರಳಿನಿಂದ ಕೆಳಗಿನ ಬಿ, ಬಿ-ಫ್ಲಾಟ್ ಒತ್ತಿದಾಗ ಜಿ-ಶಾರ್ಪ್ ತಾನೂ ತುಸು ತೆರೆದುಕೊಂಡು ಆ ಸ್ವರಗಳನ್ನು ನುಂಗಿಬಿಡುತ್ತದೆ. ಎರಡೂ ಪ್ಯಾಡುಗಳ ಕೆಳಗೆ ಒಂದೊಂದು ತೆಳು ಕಾಗದದ ಪಟ್ಟಿಯಿಟ್ಟು ಎಳೆದಾಗ ಎರಡೂ ಒಂದೇ ಬಿಗಿತದಲ್ಲಿ ಹಿಡಿಯಬೇಕು. ಸಿಗರೇಟು ಸುತ್ತುವ ಕಾಗದವನ್ನು ನಾಲ್ಕು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಸ್ಕ್ರೂ ತಿರುಗಿಸಿ ತಾತ್ಕಾಲಿಕವಾಗಿ ಕಾರ್ಯಕ್ರಮ ಮುಗಿಸಬಹುದು. ಆದರೂ ಆ ಪ್ಯಾಡನ್ನು ತೆಗೆದು ಮತ್ತೆ ಹಾಕುವುದೇ ಸರಿ. ತಕ್ಷಣ ಹಿಡಿಯುವ ಅಂಟು ಅಸಿಟೋನಿನಲ್ಲಿ ನಿಧಾನವಾಗಿ ಕರಗುತ್ತದೆ, ನಿಜ. ಆದರೆ ಅದೇ ಅಸಿಟೋನ್ ವಾದ್ಯದ ಮೇಲಿನ ಲ್ಯಾಕರ್ ಹೊಳಪನ್ನೂ ಎಬ್ಬಿಸಿಬಿಡಬಹುದು. ಕೀಯನ್ನು ವಾದ್ಯದಿಂದ ಪೂರ್ತಿ ಬಿಚ್ಚಿ, ಪ್ಯಾಡನ್ನು ಬಲಿಕೊಟ್ಟು ಚೂರುಚೂರಾಗಿ ಕಿತ್ತು, ಉಳಿದ ಪದರವನ್ನು ಒಳಗಿನಿಂದ ಮೊಂಡು ಉಳಿಯಲ್ಲಿ ಕೆರೆದು ತೆಗೆಯುವುದು ವಾಸಿ. ಕೊನೆಯ ಕಲೆಗೆ ಮಾತ್ರ ಹತ್ತಿಯ ತುದಿಗೆ ಒಂದು ಹನಿ ಅಸಿಟೋನ್, ಅದೂ ಬಟ್ಟಲಿನ ಒಳಗಷ್ಟೆ. ಬಿಸಿ ಮಾಡಿ ಕೀಳುತ್ತೇನೆ ಎನ್ನುವಿರಾದರೆ ಅಂಗಳದಲ್ಲಿ ಮಾಡಿ. ಆ ಹೊಗೆ ಕಣ್ಣು, ಮೂಗು ಎರಡನ್ನೂ ಉರಿಸುತ್ತದೆ.

ಹಾಗಾದರೆ ಯಾವ ಅಂಟು? ಹಳೆಯ ಉತ್ತರ ಅರಗು. ಅಡಾಲ್ಫ್ ಸ್ಯಾಕ್ಸ್ ತಾನು ರೂಪಿಸಿದ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅವನ ಕಾಲದಿಂದ ಇಂದಿನವರೆಗೂ ರಿಪೇರಿ ಮೇಜುಗಳ ಮೇಲೆ ಅರಗಿನ ಕಡ್ಡಿ ಇದ್ದೇ ಇದೆ. ವಿದೇಶದ ಅಂಗಡಿಗಳಿಂದ ದುಬಾರಿ ಬೆಲೆಗೆ ಬರುವ ಆ ಕಡ್ಡಿಯ ಮೂಲ ಪದಾರ್ಥ ನಮ್ಮದೇ ನೆಲದ್ದು: ಜಾಲ, ಪಲಾಶ, ಕುಸುಮದಂತಹ ಮರಗಳ ಮೇಲೆ ಬದುಕುವ ಅರಗಿನ ಹುಳು ಸ್ರವಿಸುವ ರಾಳ, ಅದರಲ್ಲಿಯೂ ಹೆಚ್ಚಿನ ಪಾಲು ಜಾರ್ಖಂಡ್, ಛತ್ತೀಸಗಢದ ಕಾಡುಗಳದು. ಅರಗು ಬಿಸಿಗೆ ಹೇಗೆ ವರ್ತಿಸುತ್ತದೆ ಎಂದು ಕಣ್ಣಾರೆ ನೋಡಬೇಕೆಂದರೆ ಚನ್ನಪಟ್ಟಣದ ಯಾವುದಾದರೂ ಗೊಂಬೆ ಮಾಡುವ ಮನೆಯಲ್ಲಿ ಕಾಲು ಗಂಟೆ ನಿಲ್ಲಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ಬೆಂಕಿಯಿಲ್ಲದೆ ಬರಿಯ ಉಜ್ಜಿನ ಶಾಖಕ್ಕೇ ಅದು ಮೆತ್ತಗಾಗಿ ಮರಕ್ಕೆ ಹರಡಿಕೊಳ್ಳುತ್ತದೆ, ಕೈ ತೆಗೆದ ಕ್ಷಣ ಗಾಜಿನಂತೆ ನಿಲ್ಲುತ್ತದೆ. ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗಿ, 80ರ ಆಸುಪಾಸಿನಲ್ಲಿ ಹರಿಯತೊಡಗುವ ಈ ಗುಣವೇ ಪ್ಯಾಡಿಗೂ ಬೇಕಾದದ್ದು. ಲೋಹಕ್ಕೆ ಚೆನ್ನಾಗಿ ಹಿಡಿಯುತ್ತದೆ, ಆರಿದ ಮೇಲೆ ಪ್ಯಾಡಿನ ಬೆನ್ನಿಗೆ ಒಂಚೂರೂ ತಗ್ಗದ ಗಟ್ಟಿ ಹಾಸು ಕೊಡುತ್ತದೆ, ಬೇಡವೆಂದಾಗ ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೋಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಅರಗು ಎಂದೊಡನೆ ನಮ್ಮವರು ಲಕೋಟೆಗೆ ಮೊಹರು ಒತ್ತುವ ಕೆಂಪು ಅರಗನ್ನು ತಂದುಬಿಡುತ್ತಾರೆ. (ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ, ಮೊಹರಿನ ಅರಗು ನಮಗೆ ಅಷ್ಟು ಪರಿಚಿತ ವಸ್ತು.) ಮೊಹರಿನ ಅರಗು ಒಡೆಯಲೆಂದೇ ಮಾಡಿದ್ದು: ಲಕೋಟೆ ತೆರೆದರೆ ಗೊತ್ತಾಗಲಿ ಎಂದು ಅದಕ್ಕೆ ಸುಣ್ಣದ ಪುಡಿಯಂಥ ತುಂಬುಪದಾರ್ಥ, ಅಗ್ಗದ ರಾಳ ಎಲ್ಲ ಸೇರಿರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಟೆನರ್ ಸ್ಯಾಕ್ಸೊಫೋನಿನ ಅರ್ಧ ಪ್ಯಾಡುಗಳನ್ನು ಅದರಲ್ಲಿಯೇ ಕೂರಿಸಿ ಹೆಮ್ಮೆಯಿಂದ ಕಳಿಸಿದ್ದೆ. ಮೂರನೆಯ ವಾರ ಅದರ ಯಜಮಾನರು ಬಂದು, ಏನೂ ಮಾತಾಡದೆ, ಒಂದು ಪ್ಲಾಸ್ಟಿಕ್ ಚೀಲದಿಂದ ಆರು ಪ್ಯಾಡುಗಳನ್ನು ಮೇಜಿನ ಮೇಲೆ ಸುರಿದರು. ಪ್ರತಿಯೊಂದರ ಬೆನ್ನಿನಲ್ಲಿಯೂ ಕೆಂಪು ಅರಗು ಒಡೆದ ಬಳೆಚೂರಿನ ಹಾಗೆ ಕೂತಿತ್ತು.

ಎರಡನೆಯದು ಬಡಗಿಗಳ ಚಪಡಾ. ಪಾಲಿಶ್‌ಗೆ ಬಳಸುವ ಆ ಚಕ್ಕೆ ಶುದ್ಧವಾದ ಅರಗೇ, ಅದನ್ನು ಕರಗಿಸಿ ಕಡ್ಡಿ ಎಳೆದುಕೊಂಡರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅವರು ಮಾಡುವಂತೆ ಸ್ಪಿರಿಟ್ಟಿನಲ್ಲಿ ಕದಡಿ ಸವರಬೇಡಿ. ಪ್ಯಾಡಿನ ಹಿಂದೆ ಸಿಕ್ಕಿಬಿದ್ದ ಸ್ಪಿರಿಟ್ಟಿಗೆ ಹೊರಬರಲು ದಾರಿಯಿಲ್ಲ, ಅದು ಫೆಲ್ಟಿಗೂ ರಟ್ಟಿಗೂ ಇಳಿದು, ದಿನಗಟ್ಟಲೆ ಅಂಟು ಮೆತ್ತಗೇ ಇರುತ್ತದೆ. ಇನ್ನು ಚಕ್ಕೆ ಹಳತಾಗಿದ್ದರೆ ಅದರ ಗುಣವೇ ಬದಲಾಗಿರುತ್ತದೆ. ಒಂದು ಚಮಚದ ಮೇಲೆ ಎರಡು ಚಕ್ಕೆಯಿಟ್ಟು ಕೆಳಗಿನಿಂದ ಮೆಲ್ಲಗೆ ಕಾಯಿಸಿ: ಜೇನಿನಂತೆ ಹರಿದು, ಕಡ್ಡಿ ತಾಗಿಸಿ ಎತ್ತಿದರೆ ನೂಲಿನಂತೆ ಎಳೆ ಬಂದರೆ ಬಳಸಬಹುದು, ಉಬ್ಬಿ ರಬ್ಬರಿನಂತೆ ಮುದ್ದೆಗಟ್ಟಿದರೆ ಬಿಸಾಡಿ. ಒಂದೇ ಅರಗನ್ನು ಹತ್ತಾರು ಸಲ ಸುಡುತ್ತಾ ಹೋದರೂ ಇದೇ ಗತಿ, ಆದ್ದರಿಂದ ಬಟ್ಟಲಿನಲ್ಲಿರುವ ಹಳೆಯ ಅರಗಿನ ಮೇಲೆ ಹೊಸ ಪ್ಯಾಡ್ ಇಡುವ ಸೋಮಾರಿತನ ಬೇಡ.

ಅರಗಿನ ದೌರ್ಬಲ್ಯ ಅದರ ಗಡಸುತನದಲ್ಲಿಯೇ ಇದೆ. ವಾದ್ಯ ಕೆಳಗೆ ಬಿದ್ದರೆ, ಬಾಗಿಲಿಗೆ ಬಡಿದರೆ, ಪ್ಯಾಡ್ ಚಟ್ ಎಂದು ಬಿಟ್ಟುಬರಬಹುದು. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಶಾಖ 60 ಡಿಗ್ರಿ ದಾಟುವುದು ಕರಾವಳಿಯ ಬೇಸಿಗೆಯಲ್ಲಿ ಅಪರೂಪವೇನಲ್ಲ. ಅಲ್ಲಿಟ್ಟ ವಾದ್ಯದ ಅರಗು ಕರಗಿ ಹರಿಯದಿದ್ದರೂ, ಸ್ಪ್ರಿಂಗಿನ ಒತ್ತಡಕ್ಕೆ ತುಸು ಜರುಗಿ ಮಟ್ಟ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಪ್ಯಾಡ್ ಉದುರಿದ್ದಕ್ಕೂ ಇಂಥದೇ ಏನಾದರೂ ಕಾರಣವಿರಬಹುದು. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಇತ್ತೇ ಎಂದು ನೆನಪಿಸಿಕೊಂಡು ನೋಡಿ.

ಇನ್ನೊಂದು ಆಯ್ಕೆ ಬಿಸಿ ಅಂಟು, ಗ್ಲೂ ಗನ್ನಿನ ಕಡ್ಡಿಯ ಜಾತಿಯದು. ಇದು ಆರಿದ ಮೇಲೂ ತುಸು ಬಳುಕುತ್ತದೆ, ಪೆಟ್ಟು ತಡೆಯುತ್ತದೆ, ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ತೆಗೆಯುವಾಗ ಸಿಪ್ಪೆಯಂತೆ ಸುಲಿದು ಬರುತ್ತದೆ. ಊರೂರು ತಿರುಗಿ, ಜೀಪಿನಲ್ಲಿ ಕುಲುಕಿ, ರಥಬೀದಿಯಲ್ಲಿ ನಿಂತು ನುಡಿಸುವ ವಾದ್ಯಕ್ಕೆ ಒಳ್ಳೆಯ ದರ್ಜೆಯ ಬಿಸಿ ಅಂಟೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವ. ಕೋಣೆಯಲ್ಲಿ ಜೋಪಾನವಾಗಿ ಇರುವ ವಾದ್ಯಕ್ಕೆ ಅರಗು. ಕದ್ರಿ ಗೋಪಾಲನಾಥರ ತರುವಾಯ ದಕ್ಷಿಣ ಕನ್ನಡದಲ್ಲಿ ಈ ವಾದ್ಯ ದೇವಸ್ಥಾನದ ಅಂಗಳಕ್ಕೆ, ಮದುವೆಯ ಚಪ್ಪರಕ್ಕೆ ಬಂದು ನಿಂತಿರುವುದರಿಂದ, ನಮ್ಮ ಕಡೆ ರಿಪೇರಿಗೆ ಬರುವ ಸ್ಯಾಕ್ಸೊಫೋನುಗಳಲ್ಲಿ ಮೊದಲ ಬಗೆಯವೇ ಹೆಚ್ಚು. ಅರಗನ್ನು ಬಿಟ್ಟರೆ ವಾದ್ಯ ಕೆಡುತ್ತದೆ, ನಾದ ಮಂಕಾಗುತ್ತದೆ ಎಂದು ಹೇಳುವವರಿದ್ದಾರೆ. ಮಟ್ಟ ಸರಿಯಾಗಿ ಕೂತ ಪ್ಯಾಡಿನ ಹಿಂದೆ ಯಾವ ಅಂಟಿದೆ ಎಂದು ಕಿವಿಯಿಂದ ಹೇಳಬಲ್ಲವರನ್ನು ನಾನು ಇನ್ನೂ ಕಂಡಿಲ್ಲ.

ಬಿಸಿ ಅಂಟನ್ನು ಗನ್ನಿನಿಂದ ನೇರವಾಗಿ ಬಟ್ಟಲಿಗೆ ಸುರಿಯಬೇಡಿ. ತಣ್ಣನೆಯ ಹಿತ್ತಾಳೆಗೆ ತಾಗಿದ ಕೂಡಲೇ ಅದರ ಅಡಿಯ ಪದರ ಹೆಪ್ಪುಗಟ್ಟಿ, ಮೇಲೆ ಮೆತ್ತಗಿದ್ದರೂ ಲೋಹಕ್ಕೆ ಹಿಡಿದಿರುವುದಿಲ್ಲ. ಕೆಲವೇ ದಿನದಲ್ಲಿ ಇಡೀ ಬಿಲ್ಲೆ ಹಾಗೇ ಕಳಚಿಕೊಳ್ಳುತ್ತದೆ. ಕಡ್ಡಿಯನ್ನು ಚಾಕುವಿನಿಂದ ತೆಳು ಬಿಲ್ಲೆಗಳಾಗಿ ಕೊಯ್ದು, ಬಟ್ಟಲಿಗೆ ಹಾಕಿ, ಬಟ್ಟಲನ್ನೇ ಹೊರಗಿನಿಂದ ಕಾಯಿಸಿ ಒಳಗೆ ಕರಗಿಸಬೇಕು. ಮಕ್ಕಳ ಕರಕುಶಲ ಕೆಲಸಕ್ಕೆ ಮಾರುವ ಅಗ್ಗದ ಕಡ್ಡಿಗಳಲ್ಲಿ ಗುಣ ಒಂದರಿಂದ ಇನ್ನೊಂದಕ್ಕೆ ಬೇರೆ. ಹಿತ್ತಾಳೆಯ ಚೂರೊಂದರ ಮೇಲೆ ಕರಗಿಸಿ, ಒಂದು ಮಧ್ಯಾಹ್ನ ಬಿಸಿಲಿನ ಕಾರಿನಲ್ಲಿಟ್ಟು, ಸಂಜೆ ಉಗುರಿನಿಂದ ತಳ್ಳಿ ನೋಡಿ. ಜರುಗಿದರೆ ಅದು ಕಾಗದದ ಹೂವಿಗೇ ಇರಲಿ.

ಬಿಳಿಯ ಮರಗೆಲಸದ ಅಂಟು ನೀರು ಹೀರುವ ಮೇಲ್ಮೈಯಲ್ಲಿ ಒಣಗುವಂಥದ್ದು, ಲೋಹದ ಬಟ್ಟಲಿಗೆ ಅಲ್ಲ. ಉಸಿರಿನ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಎಪಾಕ್ಸಿ ಶಾಶ್ವತ, ಅದೇ ಅದರ ದೋಷ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಅಂಟಿಗೆ ಮಾತ್ರ ಈ ವಾದ್ಯಗಳಲ್ಲಿ ನಿಜವಾದ ಸ್ಥಾನವಿದೆ: ಕುತ್ತಿಗೆಯ ಕಾರ್ಕ್, ಕ್ಲಾರಿನೆಟ್ ಜೋಡಣೆಯ ಕಾರ್ಕ್, ಕೀ ತಾಳಗಳ ಕೆಳಗಿನ ಕಾರ್ಕ್ ಚೂರುಗಳಿಗೆ ಎರಡೂ ಬದಿ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಆರಿಸಿ ಜೋಡಿಸಿದರೆ ಅದಕ್ಕೆ ಸಾಟಿಯಿಲ್ಲ.

ಪ್ಯಾಡ್ ಕೂರಿಸುವ ಕೆಲಸವನ್ನು ಹೀಗೆ ಮಾಡಿ. ಬಟ್ಟಲಿನ ಒಳ ವ್ಯಾಸವನ್ನು ವರ್ನಿಯರಿನಿಂದ ಅಳೆದು, ಕೈಯಿಂದ ಒತ್ತಿದರೆ ಮಡಿಕೆ ಬೀಳದೆ ಒಳಗೆ ಕೂರುವಂಥ ಪ್ಯಾಡ್ ಆರಿಸಿ. ಹಳೆಯ ಪ್ಯಾಡಿನ ದಪ್ಪವನ್ನೂ ಅಳೆದಿಟ್ಟುಕೊಳ್ಳಿ, ನಿಮ್ಮ ಈಗಿನ ತೊಂದರೆ ಹುಟ್ಟಿದ್ದು ಅಲ್ಲಿಯೇ. ಬಟ್ಟಲನ್ನು ಸ್ಪಿರಿಟ್ಟಿನಿಂದ ಒರೆಸಿ, ಸ್ಪಿರಿಟ್ ಶೀಶೆಗೆ ಮುಚ್ಚಳ ಹಾಕಿ ದೂರವಿಟ್ಟ ಮೇಲೆಯೇ ದೀಪ ಹಚ್ಚಿ. ಪ್ಯಾಡಿನ ಬೆನ್ನಿಗೆ ಅಂಚಿನವರೆಗೂ ಅಂಟು ಹರಡಬೇಕು, ನಡುವೆ ಒಂದು ಬೊಟ್ಟು ಇಟ್ಟು ಬಿಡುವ ಅಭ್ಯಾಸ ತಪ್ಪು; ಅಂಚಿನ ಕೆಳಗೆ ಟೊಳ್ಳಿದ್ದರೆ ಆ ಕಡೆ ಪ್ಯಾಡ್ ತಗ್ಗುತ್ತಲೇ ಇರುತ್ತದೆ. ಕೀಯನ್ನು ವಾದ್ಯಕ್ಕೆ ಜೋಡಿಸಿ, ಬಟ್ಟಲಿನ ಬೆನ್ನಿಗೆ ಸಣ್ಣ ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಸುತ್ತಿಸುತ್ತಾ ಎರಡು ಮೂರು ಸೆಕೆಂಡು ತೋರಿಸಿ, ಲೋಹದ ತೆಳು ಹಾಳೆಯೊಂದನ್ನು ಕೊಳವೆಗೆ ಅಡ್ಡ ಹಿಡಿದು. ಲ್ಯಾಕರ್ ಕಂದುಬಣ್ಣಕ್ಕೆ ತಿರುಗಲು ಇನ್ನೊಂದು ಸೆಕೆಂಡು ಸಾಕು. ಸಣ್ಣ ಮೂತಿಯ ಬಿಸಿಗಾಳಿ ಯಂತ್ರವಿದ್ದರೆ ಹೊಸಬರಿಗೆ ಅದೇ ಕ್ಷೇಮ. ಅಂಟು ಮೆತ್ತಗಾದಾಗ ಕೀಯನ್ನು ಹಗುರವಾಗಿ ಮುಚ್ಚಿ, ಪ್ಯಾಡ್ ತಾನೇ ಮಟ್ಟ ಹುಡುಕಿಕೊಳ್ಳಲು ಬಿಟ್ಟು, ಆರಿದ ಮೇಲೆ ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ಕಾಗದದ ಪಟ್ಟಿ ಎಳೆದು ನೋಡಿ. ಹಿಂಭಾಗ ಬಿಗಿ, ಮುಂಭಾಗ ಸಡಿಲವಾಗಿದ್ದರೆ ಅಂಟು ಹೆಚ್ಚಾಗಿದೆ. ಮುಂಭಾಗ ಬಿಗಿ, ಹಿಂಭಾಗ ಸಡಿಲವಾಗಿದ್ದರೆ ಅಂಟು ಕಡಿಮೆಯಾಗಿದೆ. ಬಲವಾದ ಚಿಮ್ಮಟ ಹಾಕಿ ರಾತ್ರಿಯಿಡೀ ಬಿಗಿದರೆ ಸೋರಿಕೆ ಮಾಯವಾದಂತೆ ಕಾಣುತ್ತದೆ, ಒಂದೇ ವಾರ. ಫೆಲ್ಟ್ ಮತ್ತೆ ಉಬ್ಬಿದೊಡನೆ ಅದೂ ಮರಳುತ್ತದೆ. ಎಲ್ಲ ಮುಗಿದ ಮೇಲೆ ಆ ತೋಳಿನ ಸ್ಕ್ರೂವನ್ನು ಹೊಸದಾಗಿ ಹೊಂದಿಸಿ.

ಮಗಳ ಕ್ಲಾರಿನೆಟ್‌ನ ವಿಷಯ ಬೇರೆಯೇ. ಅದರ ಮೈ ಎಬಿಎಸ್ ಪ್ಲಾಸ್ಟಿಕ್ಕಿನದಾಗಿರುವ ಸಾಧ್ಯತೆ ಹೆಚ್ಚು. ಅಸಿಟೋನ್ ಅದನ್ನು ಕರಗಿಸಿಯೇಬಿಡುತ್ತದೆ, ಜ್ವಾಲೆ ಅದನ್ನು ಬಾಗಿಸುತ್ತದೆ. ಎರಡನ್ನೂ ಅದರ ಬಳಿ ತರಬೇಡಿ. ಪ್ಯಾಡುಗಳು ಸಣ್ಣವು, ತೆಳುವು, ಫೆಲ್ಟಿನ ಮೇಲೆ ಪ್ರಾಣಿಮೂಲದ ತೆಳ್ಳನೆಯ ಪೊರೆ ಹೊದಿಸಿದಂಥವು. ಬಿಸಿ ಮಾಡಿದಾಗ ಒಳಗಿನ ಗಾಳಿ ಹಿಗ್ಗಿ ಆ ಪೊರೆ ಹಪ್ಪಳದಂತೆ ಉಬ್ಬುತ್ತದೆ, ಆದ್ದರಿಂದ ಕೂರಿಸುವ ಮೊದಲು ಪ್ಯಾಡಿನ ಬದಿಯಲ್ಲಿ, ರಂಧ್ರಕ್ಕೆ ತಾಗುವ ಮುಖದಲ್ಲಿ ಅಲ್ಲ, ತೆಳು ಸೂಜಿಯಿಂದ ಒಂದು ಚುಚ್ಚು ಕೊಡಬೇಕು. ಅಂಟು ಬೇಗ ಮೆತ್ತಗಾಗುವ ಬಿಸಿ ಅಂಟೇ ಇರಲಿ, ಸಾಸಿವೆಕಾಳಿನ ನಾಲ್ಕರಷ್ಟು ಸಾಕು. ಕೀ ಬಿಚ್ಚಿ, ದೂರದಲ್ಲಿ ಬಟ್ಟಲನ್ನು ಕಾಯಿಸಿ, ಪ್ಯಾಡ್ ಇಟ್ಟು, ಅದು ಇನ್ನೂ ಮೆತ್ತಗಿರುವಾಗಲೇ ಕೀಯನ್ನು ವಾದ್ಯಕ್ಕೆ ಜೋಡಿಸಿ ಮುಚ್ಚಿದರೆ, ರಂಧ್ರದ ಅಂಚೇ ಅದಕ್ಕೆ ಮಟ್ಟ ಹೇಳಿಕೊಡುತ್ತದೆ. ಇದಕ್ಕೆ ನಿಮಗೆ ಸಿಗುವ ಹೊತ್ತು ಅರ್ಧ ನಿಮಿಷಕ್ಕಿಂತ ಕಡಿಮೆ, ಆದ್ದರಿಂದ ಬೆಂಕಿಯಿಲ್ಲದೆ ಕೀ ತೆಗೆದು ಹಾಕುವುದನ್ನು ಮೊದಲು ಹತ್ತು ಸಲ ಅಭ್ಯಾಸ ಮಾಡಿ. ಎಲ್ಲಕ್ಕಿಂತ ಮೇಲಿರುವ ರೆಜಿಸ್ಟರ್ ಕೀಯಲ್ಲಿ ಕಾರ್ಕಿನ ಪ್ಯಾಡ್ ಇದ್ದರೆ ಅದಕ್ಕೆ ಚುಚ್ಚುವ ಕೆಲಸವಿಲ್ಲ.